ಕಪ್ಪು ಬಿಳುಪಿನ ನಡುವೆ ವಿ.ಕೆ. ಮೂರ್ತಿ

‘ಕಾಗಜ್ ಕೆ ಫೂಲ್’ ಚಿತ್ರದ ಬೆಳಕಿನ ಕೋಲನ್ನು ತೋರಿಸದೆ ಈಗ ಛಾಯಾಗ್ರಹಣದ ಯಾವ ಕಾರ್ಯಾಗಾರವೂ ಮುಗಿಯುವುದಿಲ್ಲ. ಸ್ಟುಡಿಯೊದ ಹೊರಗೊಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಬಿಸಿಲು ಅದರಿಂದ ಇದಕ್ಕೆ ಹಾಯ್ದು ನೆಲಕ್ಕಿಳಿಯುತ್ತದೆ. ವಿದ್ಯಾರ್ಥಿಗಳು ಬೆರಗಾಗುತ್ತಾರೆ, ಛಾಯಾಗ್ರಾಹಕ ಮೂರ್ತಿಯವರ ಪಾಠ ಅಲ್ಲಿಗೇ ನಿಲ್ಲುತ್ತದೆ. ಕಲ್ಪನೆಯೆಲ್ಲ ನಿರ್ದೇಶಕ ಗುರುದತ್‌ದು, ಕೈಚಳಕ ಮಾತ್ರ ಮೂರ್ತಿಯವರದು ಎಂಬ ತೀರ್ಪೂ ಜೊತೆಗೇ ಬರುತ್ತದೆ. ಅವರು ಓದಿದ ಪಾಲಿಟೆಕ್ನಿಕ್‌ನಲ್ಲೇ ಓದಿ, ಇದೇ ಕಸುಬಿನಲ್ಲಿ ತಲೆ ನರೆತ ನಾನು ಇದನ್ನು ಒಪ್ಪಲಾರೆ.

ಹಿಂದಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೂಕಿ ಚಿತ್ರಗಳು ಬಹುಪಾಲು ಬಿಸಿಲನ್ನೇ ನೆಚ್ಚಿದ್ದವು. 1930ರ ದಶಕದಲ್ಲಿ ಬಾಂಬೆ ಟಾಕೀಸ್‌ಗೆ ಬಂದ ಜರ್ಮನಿಯ ಜೋಸೆಫ್ ವಿರ್ಶಿಂಗ್ ಸ್ಟುಡಿಯೊ ಲೈಟಿಂಗ್‌ಗೆ ಒಂದು ಶಿಸ್ತು ತಂದರು. ಫರೀದೂನ್ ಇರಾನಿ, ರಾಧು ಕರ್ಮಾಕರ್, ಫಾಲಿ ಮಿಸ್ತ್ರಿ ಅದನ್ನು ನಮ್ಮ ಮುಖಗಳಿಗೆ ಒಗ್ಗಿಸಿದರು. ಮದ್ರಾಸಿನಲ್ಲಿ ‘ಮಾಯಾಬಜಾರ್’ನ (1957) ಮಾರ್ಕಸ್ ಬಾರ್ಟ್ಲಿ ಇದ್ದರು. ಆಗ ಈ ವಿದ್ಯೆ ಕೈಬದಲಾಗುತ್ತಿದ್ದದ್ದು ಸಾಮಾನ್ಯವಾಗಿ ಸಹಾಯಕನಾಗಿ ದುಡಿಯುವುದರಿಂದ. ಇದನ್ನು ತರಗತಿಯಲ್ಲಿ ಕಲಿಸಬಹುದು ಎಂದು ಹೊರಟದ್ದು ಮೈಸೂರು ಸಂಸ್ಥಾನ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ; ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಕೊಡುತ್ತಿತ್ತು.

1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ, ಪಿಟೀಲು ಬಾರಿಸಬಲ್ಲ ಮೂರ್ತಿ ಆ ಪಾಲಿಟೆಕ್ನಿಕ್‌ನಿಂದ 1946ರಲ್ಲಿ ಡಿಪ್ಲೊಮಾ ಪಡೆದು ಬೊಂಬಾಯಿಗೆ ಹೋದರು. ಫಾಲಿ ಮಿಸ್ತ್ರಿಯವರ ಕೈಕೆಳಗೆ ದುಡಿದರು. ‘ಬಾಜಿ’ಯಲ್ಲಿ (1951) ವಿ. ರಾತ್ರಾ ಅವರ ಸಹಾಯಕರಾಗಿದ್ದಾಗ ಕಷ್ಟದ ಒಂದು ಶಾಟನ್ನು ತಾವೇ ಸೂಚಿಸಿ ತೆಗೆದುಕೊಟ್ಟರು. ಅದರ ನಿರ್ದೇಶಕ, ಬೆಂಗಳೂರಿನಲ್ಲೇ ಹುಟ್ಟಿದ್ದ ಗುರುದತ್ ಮುಂದಿನ ಚಿತ್ರ ‘ಜಾಲ್’ (1952) ಅವರಿಗೆ ವಹಿಸಿದರು.

‘ಬಾಜಿ’ಯನ್ನೂ ‘ಪ್ಯಾಸಾ’ವನ್ನೂ (1957) ಒಂದರ ಹಿಂದೊಂದು ನೋಡಿ. ನಿರ್ದೇಶಕರು ಒಬ್ಬರೇ, ಬೆಳಕು ಬೇರೆ. ‘ಪ್ಯಾಸಾ’ದ ಕೊನೆಯಲ್ಲಿ ಕವಿ ಸಭಾಂಗಣದ ಬಾಗಿಲಲ್ಲಿ ತೋಳು ಚಾಚಿ ನಿಲ್ಲುವ ಶಾಟ್ ಎಲ್ಲರಿಗೂ ನೆನಪಿದೆ. ನಾನು ಮತ್ತೆ ಮತ್ತೆ ನೋಡುವುದು ಪ್ರಕಾಶಕನ ಮನೆಯ ಕೂಟದ ದೃಶ್ಯವನ್ನು. ಪುಸ್ತಕದ ಕಪಾಟಿಗೆ ಒರಗಿ ಹಾಡುವ ಕವಿಯ ಮುಖದಲ್ಲಿ ಕಡುಕಪ್ಪೂ ಇಲ್ಲ, ಸುಡುವ ಬಿಳುಪೂ ಇಲ್ಲ. ಕೆನ್ನೆಯಿಂದ ಕುತ್ತಿಗೆಗೆ ಇಳಿಯುವಷ್ಟರಲ್ಲಿ ಬೂದು ಬಣ್ಣ ಎಷ್ಟೋ ಮೆಟ್ಟಿಲು ದಾಟುತ್ತದೆ. ಇನ್ನು, ಮೇಲೆ ಹೇಳಿದ ಕನ್ನಡಿಯ ದೃಶ್ಯ. ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಷ್ಟಗಲದ ಚೌಕಟ್ಟು ಒದಗಿದಾಗ ಸೆಟ್ಟು, ಜನಜಂಗುಳಿ ತುಂಬುವುದು ಸಲೀಸು. ಮೂರ್ತಿ ಅದನ್ನು ಖಾಲಿ ಬಿಟ್ಟರು. ಇಬ್ಬರನ್ನು ದೂರ ದೂರ ನಿಲ್ಲಿಸಿ ನಡುವಿನ ಬರಿದಾದ ಜಾಗಕ್ಕೆ ಬೆಳಕು ಕೊಟ್ಟರು. ಕನ್ನಡಿಗಿಂತ ದೊಡ್ಡ ನಿರ್ಧಾರ ಅದು.

‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ನಿರ್ದೇಶಕರಾಗಿ ಅಬ್ರಾರ್ ಅಲ್ವಿಯವರ ಹೆಸರು ಹೊತ್ತು ಬಂತು. ಅದರ ಮುಜ್ರಾದಲ್ಲಿ ಮಿನೂ ಮುಮ್ತಾಜ್ ಒಬ್ಬರ ಮೇಲೆ ಬೆಳಕು. ಸುತ್ತ ಕುಣಿಯುವವರೆಲ್ಲ ಬರೀ ನೆರಳು. ಆ ಜಮೀನ್ದಾರಿ ಮನೆತನದ ಅವನತಿಯನ್ನು ಸಂಭಾಷಣೆಗಿಂತ ಚೆನ್ನಾಗಿ ಆ ನೆರಳುಗಳು ಹೇಳುತ್ತವೆ. ‘ಕಾಗಜ್ ಕೆ ಫೂಲ್’ಗೂ ಈ ಚಿತ್ರಕ್ಕೂ ಮೂರ್ತಿಯವರಿಗೆ ಫಿಲ್ಮ್‌ಫೇರ್ ಬಂತು.

ಅದೇ ಕಾಲದಲ್ಲಿ ಸುಬ್ರತ ಮಿತ್ರ ‘ಅಪರಾಜಿತೊ’ಗೆ (1956) ಬಟ್ಟೆಯ ಮೇಲಿಂದ ಪುಟಿಸಿದ ಬೌನ್ಸ್ ಲೈಟ್ ಬಳಸಿದರು. ಅದು ಸಹಜ, ಮೂರ್ತಿಯವರದು ಕೃತಕ ಎನ್ನುವ ವಾದ ಆಮೇಲೆ ಫ್ಯಾಷನ್ನಾಯಿತು. ಆದರೆ ‘ಅಪರಾಜಿತೊ’ದ ಕಾಶಿಯ ಮನೆಯೂ ಸೆಟ್ಟೇ ಆಗಿತ್ತು. ಇಬ್ಬರೂ ಕಥೆಗೆ ತಕ್ಕ ಬೆಳಕನ್ನು ಕಟ್ಟಿದವರು.

1964ರಲ್ಲಿ ಗುರುದತ್ ತೀರಿಕೊಂಡರು. ‘ಲವ್ ಇನ್ ಟೋಕಿಯೊ’, ‘ನಯಾ ಜಮಾನಾ’, ‘ಜುಗ್ನು’ ಹೀಗೆ ಮೂರ್ತಿಯವರ ಬಣ್ಣದ ವರ್ಷಗಳು ಸಾಗಿದವು. ಕೆಲಸ ಅಚ್ಚುಕಟ್ಟು. ಆದರೆ ಆ ಚಿತ್ರಗಳು ಅವರ ಬೆಳಕಿನಿಂದ ಹೆಚ್ಚೇನನ್ನೂ ಕೇಳಲಿಲ್ಲ.

ಅವರ ವಿದ್ಯೆ ಮುಂದುವರಿದದ್ದು ಬೇರೆ ದಾರಿಯಲ್ಲಿ. ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದ ಗೋವಿಂದ ನಿಹಲಾನಿ ಮೂರ್ತಿಯವರ ಸಹಾಯಕರಾಗಿದ್ದರು. ಅವರು ಕನ್ನಡಕ್ಕೆ ಬಂದು ಕಾರ್ನಾಡರ ‘ಕಾಡು’ (1973) ಚಿತ್ರೀಕರಿಸಿದರು. ನಮ್ಮವರೇ ಆದ ಎಸ್. ರಾಮಚಂದ್ರ ‘ಚೋಮನ ದುಡಿ’, ‘ಘಟಶ್ರಾದ್ಧ’ ಮಾಡಿದರು. ‘ಘಟಶ್ರಾದ್ಧ’ದ (1977) ಕತ್ತಲು ನನ್ನ ತಲೆಮಾರಿನವರಿಗೆ ಪಠ್ಯಪುಸ್ತಕವಾಗಿತ್ತು. ರಾತ್ರಿಯನ್ನು ರಾತ್ರಿಯಾಗಿಯೇ ಬಿಟ್ಟು, ಮುಖದ ಭಾವ ಕಾಣಲು ಬೇಕಾದಷ್ಟು ಬೆಳಕನ್ನಷ್ಟೇ ಅದರಲ್ಲಿ ಕೊಟ್ಟಿದ್ದಾರೆ. ಸಣ್ಣ ಬಜೆಟ್ಟಿನಿಂದ ಹುಟ್ಟಿದ ಸರಳತೆ ಎಂದು ಇದನ್ನು ಬಣ್ಣಿಸುವವರಿದ್ದಾರೆ. ಕಡಿಮೆ ದೀಪಗಳಲ್ಲಿ ಅಷ್ಟು ಬೂದುಗಳನ್ನು ನೆಗೆಟಿವ್ ಮೇಲೆ ಹಿಡಿಯಲು ಎಕ್ಸ್‌ಪೋಷರ್ ಎಷ್ಟು ಕರಾರುವಾಕ್ಕಾಗಿರಬೇಕು ಎಂಬುದು ಲೈಟ್‌ಮೀಟರ್ ಹಿಡಿದವರಿಗೆ ಗೊತ್ತು.

1988ರಲ್ಲಿ ನಿಹಲಾನಿಯವರ ‘ತಮಸ್’ನಲ್ಲಿ ಗುರು ಶಿಷ್ಯರಿಬ್ಬರೂ ಕ್ಯಾಮೆರಾ ಹಿಡಿದರು. ಬೆನೆಗಲ್ ಅವರ ‘ಭಾರತ್ ಏಕ್ ಖೋಜ್’ಗೂ ಮೂರ್ತಿ ದುಡಿದರು. ಕನ್ನಡದಲ್ಲಿ ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಹೂವು ಹಣ್ಣು’ (1993) ಬರುವ ಹೊತ್ತಿಗೆ ಅವರಿಗೆ ಎಪ್ಪತ್ತರ ಹತ್ತಿರ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಅವರೇ ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ನಮ್ಮ ಸಿನಿಮಾ ಬರವಣಿಗೆ ಕಥೆ, ನಟರು, ನಿರ್ದೇಶಕರನ್ನು ದಾಟಿ ಕ್ಯಾಮೆರಾದ ಹಿಂದೆ ಹೋಗುವುದು ಅಪರೂಪ. ಇದರ ನಷ್ಟ ಈಗ ಪ್ರಾಯೋಗಿಕವಾಗಿಯೂ ಕಾಣುತ್ತಿದೆ. ಹಳೆಯ ಕಪ್ಪು ಬಿಳುಪು ಚಿತ್ರಗಳು ಡಿಜಿಟಲ್ ರೂಪಕ್ಕೆ ಬರುವಾಗ ಯಾವ ನೆರಳು ಎಷ್ಟು ಗಾಢವಾಗಿರಬೇಕೆಂದು ಯಾರಾದರೂ ಹೇಳಲೇಬೇಕು; ಗುಂಡಿ ತಿರುಗಿಸಿ ಎಲ್ಲವನ್ನೂ ಬೆಳಗಿಸುವುದು ಸುಲಭ. ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ 2024ರಲ್ಲಿ ವೆನಿಸ್ ಚಿತ್ರೋತ್ಸವ ಕಂಡಿತು. ಅದರ ಕತ್ತಲನ್ನು ಅಳೆದು ಹೇಳಬಲ್ಲ ರಾಮಚಂದ್ರ 2011ರಲ್ಲೇ ತೀರಿಹೋಗಿದ್ದರು. ಅವರ ಜೊತೆ ಲೈಟು ಹೊತ್ತವರು, ಫೋಕಸ್ ಎಳೆದವರು ಇಂದಿಗೂ ಕೆಲವರಿದ್ದಾರೆ. ಚಲನಚಿತ್ರ ಅಕಾಡೆಮಿ ಅವರನ್ನು ಕೂರಿಸಿಕೊಂಡು, ಆ ಚಿತ್ರಗಳನ್ನು ಶಾಟ್ ಶಾಟ್ ನೋಡಿಸಿ, ಅವರು ಹೇಳಿದ್ದನ್ನು ಈ ವರ್ಷವೇ ದಾಖಲಿಸಬೇಕು.