ಕಾರ್ಖಾನೆಯ ಬೇಲಿ: ಕಾವಲು ಯಾರಿಗೆ?

ಬೇಲಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹೊಲದ ಬೇಲಿ. ಕಳ್ಳಿಯನ್ನು ನೆಟ್ಟೋ ಜಾಲಿಯ ಮುಳ್ಳನ್ನು ಒಟ್ಟಿಯೋ ರೈತನು ಕಟ್ಟಿಕೊಂಡ ಆ ಬೇಲಿಯ ಉದ್ದೇಶ ಸರಳವಾದುದು. ಒಳಗಿನ ಪೈರನ್ನು ಹೊರಗಿನ ದನದಿಂದ ಕಾಪಾಡಿದರೆ ಅದರ ಕೆಲಸ ಮುಗಿಯಿತು. ಕಾರ್ಖಾನೆಯ ಬೇಲಿಯ ಸಂಗತಿ ಹಾಗಲ್ಲ. ಅಲ್ಲಿ ಒಳಗಿನ ಸೊತ್ತನ್ನು ಹೊರಗಿನವರಿಂದ ಕಾಯಬೇಕಾದಂತೆಯೇ ಹೊರಗಿನ ಜನರನ್ನು ಒಳಗಿನ ವಸ್ತುಗಳಿಂದಲೂ ಕಾಯಬೇಕಾಗುತ್ತದೆ. ಮೊದಲನೆಯ ಕಾವಲನ್ನು ಮಾಲಿಕನು ಯಾರೂ ಹೇಳದೆಯೇ ಏರ್ಪಡಿಸಿಕೊಳ್ಳುತ್ತಾನೆ. ಎರಡನೆಯದನ್ನು ಶಾಸನವು ಏರ್ಪಡಿಸಬೇಕಾಗುತ್ತದೆ. ನಗರದ ಕೈಗಾರಿಕಾ ವಲಯಗಳಲ್ಲಿ ಬೇಲಿಯ ಎತ್ತರವೆಷ್ಟು, ಸ್ಥಾನವೆಲ್ಲಿ, ಅದು ಮರೆಮಾಡಬೇಕಾದುದೇನು ಎಂದು ವಿಧಿಸುವ ನಿಯಮಗಳ ಹಿಂದೆ ಈ ಎರಡು ಕಾವಲುಗಳ ದೀರ್ಘ ಚರಿತ್ರೆಯಿದೆ. ಅದನ್ನು ಪ್ರಕೃತ ಲೇಖನದಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ನೆರೆಯವರ ಹಿತವನ್ನು ಲಕ್ಷ್ಯದಲ್ಲಿಟ್ಟುಕೊಂಡು ಹೊರಟ ಮೊದಮೊದಲ ವ್ಯಾಪಕ ಶಾಸನಗಳಲ್ಲಿ ಫ್ರಾನ್ಸ್ ದೇಶದ್ದು ಮುಖ್ಯವಾದುದು. ನೆಪೋಲಿಯನ್ ಚಕ್ರವರ್ತಿಯ ಸರ್ಕಾರ 1810ನೆಯ ಅಕ್ಟೋಬರ್ 15ರಂದು ಹೊರಡಿಸಿದ ಆಜ್ಞೆಯು, ದುರ್ವಾಸನೆಯನ್ನು ಹರಡುವ ಕಾರ್ಖಾನೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಮೊದಲ ವರ್ಗದವು ವಾಸದ ಮನೆಗಳಿಂದ ದೂರವಿರಲೇಬೇಕು. ಎರಡನೆಯ ವರ್ಗದವು ನೆರೆಯವರಿಗೆ ಕೇಡಾಗದೆಂದು ನಿಶ್ಚಯವಾದ ಮೇಲೆ ಮಾತ್ರ ಹತ್ತಿರವಿರಬಹುದು. ಮೂರನೆಯ ವರ್ಗದವು ಮನೆಗಳ ನಡುವೆಯೇ ಇರಬಹುದಾದರೂ ಪೊಲೀಸರ ಕಣ್ಗಾವಲಿಗೆ ಒಳಪಟ್ಟಿರಬೇಕು. ಇಲ್ಲಿ ಗೋಡೆಯ ಮಾತಿಲ್ಲ, ದೂರವೇ ಬೇಲಿ. ಆದರೆ ಈ ಆಜ್ಞೆಗೆ ಇನ್ನೊಂದು ಮುಖವೂ ಇತ್ತು. ಒಮ್ಮೆ ಸರ್ಕಾರದ ಅನುಮತಿ ದೊರೆಯಿತೆಂದರೆ ನೆರೆಯವರ ದೂರಿನಿಂದ ಕಾರ್ಖಾನೆಯನ್ನು ಎಬ್ಬಿಸುವುದು ಸುಲಭವಾಗಿರಲಿಲ್ಲ. ನೆರೆಯವರಿಗೆಂದು ಹಾಕಿದ ಬೇಲಿ ಮಾಲಿಕನಿಗೂ ಆಸರೆಯಾಯಿತು.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ನ್ಯಾಯಾಲಯದ ಮೂಲಕ ಬಂದಿತು. ಲಂಕಾಷೈರ್ ಪ್ರಾಂತದಲ್ಲಿ ಜಾನ್ ರೈಲೆಂಡ್ಸ್ ಎಂಬ ಗಿರಣಿಯ ಒಡೆಯನು ನೀರಿನ ಜಲಾಶಯವೊಂದನ್ನು ಕಟ್ಟಿಸಿದನು. 1860ರಲ್ಲಿ ಆ ನೀರು ಹಳೆಯ ಗಣಿಯ ಬಾವಿಗಳ ಮೂಲಕ ನುಗ್ಗಿ, ನೆರೆಯ ಥಾಮಸ್ ಫ್ಲೆಚರನ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. ಒಡೆಯನು ಸ್ವತಃ ಅಜಾಗ್ರತೆ ತೋರಿರಲಿಲ್ಲ. ಬಲ್ಲ ಕೆಲಸಗಾರರಿಗೇ ಕೆಲಸ ಒಪ್ಪಿಸಿದ್ದನು. ಆದರೂ ನಷ್ಟವನ್ನು ಅವನೇ ತೆರಬೇಕೆಂದು 1866ರಲ್ಲಿ ನ್ಯಾಯಾಧೀಶ ಬ್ಲ್ಯಾಕ್‌ಬರ್ನ್ ಮತ್ತು ಅವರ ಸಹೋದ್ಯೋಗಿಗಳು ತೀರ್ಪಿತ್ತರು. 1868ರಲ್ಲಿ ಪ್ರಭುಗಳ ಸಭೆ ಅದನ್ನು ಎತ್ತಿ ಹಿಡಿಯಿತು. ಆ ತೀರ್ಪಿನ ತರ್ಕ ನಮ್ಮ ಹಳ್ಳಿಗರಿಗೆ ಹೊಸದಲ್ಲ. ತಪ್ಪಿಸಿಕೊಂಡ ದನ ಪಕ್ಕದ ಹೊಲದ ಪೈರನ್ನು ಮೇದರೆ ದನದ ಒಡೆಯನು ದಂಡ ತೆರುವುದಿಲ್ಲವೆ? ಹಾಗೆಯೇ ಅಪಾಯಕಾರಿಯಾದುದನ್ನು ತನ್ನ ನೆಲಕ್ಕೆ ತಂದು ಕೂಡಿಟ್ಟವನು ಅದನ್ನು ಅಲ್ಲಿಯೇ ಕಟ್ಟಿಹಾಕಲು ಬದ್ಧನು. ಬ್ಲ್ಯಾಕ್‌ಬರ್ನ್ ಅವರೂ ದನದ ಉದಾಹರಣೆಯನ್ನೇ ಕೊಟ್ಟಿದ್ದರೆಂಬುದು ಗಮನಾರ್ಹವಾಗಿದೆ.

ಅಷ್ಟರಲ್ಲಿ ಬೇಲಿಯ ಸಾಮಗ್ರಿಯೇ ಬದಲಾಯಿತು. ಅಮೆರಿಕದ ಇಲಿನಾಯ್ ಸಂಸ್ಥಾನದ ರೈತ ಜೋಸೆಫ್ ಗ್ಲಿಡನ್ ಮುಳ್ಳುತಂತಿಯ ಹೊಸ ಮಾದರಿಯೊಂದಕ್ಕೆ 1874ರಲ್ಲಿ ಹಕ್ಕುಪತ್ರ ಪಡೆದನು. ಮರಗಳಿಲ್ಲದ ಬಯಲು ನಾಡಿನಲ್ಲಿ ದನಗಳನ್ನು ತಡೆಯಲೆಂದು ಹುಟ್ಟಿದ ಈ ತಂತಿ ಅಗ್ಗವೂ ಹಗುರವೂ ಆಗಿದ್ದುದರಿಂದ ರೈಲುದಾರಿ, ಉಗ್ರಾಣ, ಕಾರ್ಖಾನೆಗಳ ಸುತ್ತಲೂ ಹಬ್ಬಿತು. ದನವನ್ನು ಚುಚ್ಚಿದ ಮುಳ್ಳು ಬೀದಿಯ ಮಗುವನ್ನೂ ಚುಚ್ಚದಿರದು. ಬೇಲಿಯೇ ಅಪಾಯವಾಗಬಲ್ಲದೆಂದ ಮೇಲೆ ಅದಕ್ಕೂ ನಿಯಮ ಬೇಕಾಯಿತು.

ನಗರವನ್ನೇ ವಲಯಗಳಾಗಿ ವಿಭಾಗಿಸುವ ಪದ್ಧತಿ ಬಂದದ್ದು ಈ ಹಿನ್ನೆಲೆಯಲ್ಲಿ. ಜರ್ಮನಿಯ ಫ್ರಾಂಕ್‌ಫರ್ಟ್ ನಗರವು ಫ್ರಾಂಟ್ಸ್ ಆಡಿಕೆಸ್ ಅವರ ಆಡಳಿತದಲ್ಲಿ 1891ರಲ್ಲಿ ವಾಸಕ್ಕೆ, ಕಾರ್ಖಾನೆಗೆ, ಮಿಶ್ರ ಬಳಕೆಗೆ ಬೇರೆ ಬೇರೆ ಪ್ರದೇಶಗಳನ್ನು ಗೊತ್ತುಮಾಡಿತು. ನ್ಯೂಯಾರ್ಕ್ 1916ರಲ್ಲಿ ತನ್ನ ವಲಯ ನಿಯಮಗಳನ್ನು ಅಂಗೀಕರಿಸಿತು. ಓಹಾಯೊ ಸಂಸ್ಥಾನದ ಯೂಕ್ಲಿಡ್ ಎಂಬ ಊರು 1922ರಲ್ಲಿ ಇಂಥದೇ ನಿಯಮ ಮಾಡಿದಾಗ, ಅಲ್ಲಿ 68 ಎಕರೆ ನೆಲವಿದ್ದ ಆಂಬ್ಲರ್ ಎಂಬ ಭೂವ್ಯವಹಾರ ಸಂಸ್ಥೆ ತನ್ನ ಆಸ್ತಿಯ ಬೆಲೆ ಕುಸಿಯಿತೆಂದು ನ್ಯಾಯಾಲಯಕ್ಕೆ ಹೋಯಿತು. 1926ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಊರಿನ ಪರವಾಗಿ ತೀರ್ಪಿತ್ತಿತು. ಯಾವ ನೆಲದಲ್ಲಿ ಏನಿರಬೇಕೆಂದು ಊರು ಒಟ್ಟಾಗಿ ತೀರ್ಮಾನಿಸಬಹುದೆಂಬ ತತ್ವ ಅಲ್ಲಿ ನೆಲೆಗೊಂಡಿತು.

ಬೇಲಿಯ ವಿವರಗಳು ಈ ವಲಯ ನಿಯಮಗಳ ಒಳಗೇ ಸೇರಿಕೊಂಡವು. ಅಮೆರಿಕದ ಅನೇಕ ನಗರಗಳ ನಿಯಮಗಳನ್ನು ನೋಡಿದರೆ ಸಾಮಾನ್ಯವಾಗಿ ಕಾಣುವ ಕ್ರಮ ಹೀಗಿದೆ. ವಾಸದ ವಲಯಕ್ಕಿಂತ ಕೈಗಾರಿಕಾ ವಲಯದಲ್ಲಿ ಹೆಚ್ಚು ಎತ್ತರದ ಬೇಲಿಗೆ ಅವಕಾಶವುಂಟು. ಎರಡು ಬೀದಿಗಳು ಕೂಡುವ ಮೂಲೆಯಲ್ಲಿ ಬೇಲಿ ತಗ್ಗಾಗಿರಬೇಕು; ಇಲ್ಲವಾದರೆ ತಿರುಗುವ ಲಾರಿಯ ಚಾಲಕನಿಗೆ ದಾರಿಹೋಕನು ಕಾಣನು. ಮುಳ್ಳುತಂತಿ ಮನೆಗಳ ನಡುವೆ ನಿಷಿದ್ಧ. ಕಾರ್ಖಾನೆಗೆ ಬೇಕಾದರೆ ಅದು ಬೇಲಿಯ ತುದಿಯಲ್ಲಿ, ನಡೆಯುವವರ ಮೈಗೆ ತಾಗದ ಎತ್ತರದಲ್ಲಿರಬೇಕು. ಬಯಲಲ್ಲಿ ರಾಶಿ ಹಾಕಿದ ಸರಕು, ಹಳೆಯ ಕಬ್ಬಿಣ, ಕಸ ಇವು ನೆರೆಯ ಮನೆಗಳಿಗೆ ಕಾಣದಂತೆ ಮರೆಯ ಬೇಲಿ ಕಟ್ಟಬೇಕು. 1965ರಲ್ಲಿ ಅಮೆರಿಕದ ಕೇಂದ್ರ ಶಾಸನವೊಂದು ಹೆದ್ದಾರಿಯಿಂದ 1000 ಅಡಿಯೊಳಗೆ ಕಾಣಸಿಗುವ ಹಳೆಯ ಸಾಮಾನಿನ ಅಂಗಳಗಳನ್ನು ಗಿಡಗಳಿಂದಲೋ ಬೇಲಿಯಿಂದಲೋ ಮರೆಮಾಡುವ ಕ್ರಮವನ್ನು ತಂದಿತು.

ಈ ನಿಯಮಗಳೆಲ್ಲ ಉಪಯುಕ್ತವೇ. ಆದರೆ ಮರೆಮಾಡುವುದು ಬೇರೆ, ತಡೆಯುವುದು ಬೇರೆ. ಎತ್ತರದ ಬೇಲಿ ಕಣ್ಣಿಗೆ ಕಾಣುವ ಹೊಲಸನ್ನು ಮುಚ್ಚೀತೇ ಹೊರತು ಹೊಗೆ, ಸದ್ದು, ವಾಸನೆಗಳನ್ನು ಹಿಡಿದು ನಿಲ್ಲಿಸದು. ನ್ಯೂಯಾರ್ಕ್ ನಗರ 1961ರಲ್ಲಿ ತನ್ನ ನಿಯಮಗಳನ್ನು ಹೊಸದಾಗಿ ಬರೆದಾಗ ಈ ಅಂಶವನ್ನು ಮನಗಂಡು, ಕೈಗಾರಿಕೆಗಳು ಹೊರಬಿಡಬಹುದಾದ ಸದ್ದು, ಕಂಪನ, ಹೊಗೆ, ವಾಸನೆಗಳಿಗೂ ಮಿತಿಗಳನ್ನು ಗೊತ್ತುಮಾಡಿತು.

ಬೇಲಿಯೇ ಎದ್ದು ಹೊಲ ಮೇದ ಪ್ರಸಂಗಗಳೂ ಇವೆ. ಸ್ಯಾನ್‌ಫ್ರಾನ್ಸಿಸ್ಕೊ ನಗರವು 1880ರಲ್ಲಿ, ಮರದ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ನಗರಸಭೆಯ ಅನುಮತಿ ಬೇಕೆಂದು ವಿಧಿಸಿತು. ಬೆಂಕಿಯ ಭಯವೆಂಬುದು ಹೊರಗಿನ ಕಾರಣ. ಸುಮಾರು 200 ಚೀನೀಯರು ಅರ್ಜಿ ಹಾಕಿದರು; ಒಬ್ಬರಿಗೂ ಅನುಮತಿ ಸಿಗಲಿಲ್ಲ. ಅದೇ ಬಗೆಯ ಕಟ್ಟಡಗಳಲ್ಲಿದ್ದ ಸುಮಾರು 80 ಮಂದಿ ಇತರರಿಗೆ ಅಡ್ಡಿಯಾಗಲಿಲ್ಲ. ನಿಯಮದ ಮಾತು ನಿಷ್ಪಕ್ಷಪಾತವಾಗಿದ್ದರೂ ಅದರ ಪ್ರಯೋಗ ಅನ್ಯಾಯವೆಂದು 1886ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ಬೇಲಿಯ ನಿಯಮವನ್ನು ಓದುವಾಗ ಅದರ ಅಕ್ಷರದೊಂದಿಗೆ ಅದನ್ನು ನಡೆಸುವ ಕೈಯನ್ನೂ ನೋಡಬೇಕೆಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಇನ್ನು ನಮ್ಮ ದೇಶಕ್ಕೆ ಬರೋಣ. 1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸೈನೇಟ್ ಎಂಬ ವಿಷಾನಿಲ ಹೊರಬಿದ್ದಿತು. ಕಾರ್ಖಾನೆಗೆ ಗೋಡೆಯಿತ್ತು, ಬಾಗಿಲಿತ್ತು, ಕಾವಲಿತ್ತು. ಗೋಡೆಯ ಆಚೆ, ಬೀದಿಯನ್ನು ದಾಟಿದೊಡನೆ ಬಡವರ ಗುಡಿಸಲುಗಳಿದ್ದವು. ಗಾಳಿಗಿಂತ ಭಾರವಾದ ಆ ಅನಿಲ ನೆಲಕ್ಕೆ ಹೊಂದಿಕೊಂಡೇ ಹರಿದು, ಮಲಗಿದ್ದ ಜನರನ್ನು ಮುತ್ತಿತು. ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಮಂದಿಗೆ ಗೋಡೆಯ ಒಳಗೆ ಏನು ತುಂಬಿದೆಯೆಂಬುದಾಗಲಿ, ಅದು ಹೊರಬಂದರೆ ಏನು ಮಾಡಬೇಕೆಂಬುದಾಗಲಿ ತಿಳಿದಿರಲಿಲ್ಲ. ಒದ್ದೆಯ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಿದ್ದರೆ ಕೆಲವರಾದರೂ ಬದುಕುತ್ತಿದ್ದರು. ಅಷ್ಟು ಚಿಕ್ಕ ತಿಳಿವಳಿಕೆಯೂ ಗೋಡೆಯನ್ನು ದಾಟಿ ಹೊರಬಂದಿರಲಿಲ್ಲ.

ಒಂದು ವರ್ಷ ಕಳೆದು, 1985ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ 1986ರಲ್ಲಿ, ಹಳೆಯ ರೈಲೆಂಡ್ಸ್ ತೀರ್ಪಿನಲ್ಲಿದ್ದ ವಿನಾಯಿತಿಗಳನ್ನು ಒಪ್ಪದೆ, ಅಪಾಯಕಾರಿ ಉದ್ಯಮ ನಡೆಸುವವನು ಅದರಿಂದಾದ ಹಾನಿಗೆ ಪೂರ್ಣ ಹೊಣೆಯೆಂದು ಘೋಷಿಸಿತು. 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿಯಾಯಿತು. ಇಂಥ ಉದ್ಯಮದ ಸ್ಥಳವನ್ನು ಪರಿಶೀಲಿಸಲು ಸಮಿತಿಗಳನ್ನು ನೇಮಿಸುವ ಅಧಿಕಾರ ಬಂದಿತು. ಒಳಗಿನ ಅಪಾಯಗಳನ್ನು ಕಾರ್ಮಿಕರಿಗೂ ಸ್ಥಳೀಯ ಆಡಳಿತಕ್ಕೂ ಸುತ್ತಲಿನ ಸಾರ್ವಜನಿಕರಿಗೂ ತಿಳಿಸುವುದು ಕಡ್ಡಾಯವಾಯಿತು. ಈ ಕೊನೆಯ ಅಂಶವೇ ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಮುಖ್ಯವಾದುದು. ಕಲ್ಲು ತಂತಿಗಳ ಬೇಲಿ ಕಾಯದಲ್ಲಿ ತಿಳಿವಳಿಕೆ ಕಾಯಬಲ್ಲದೆಂಬುದನ್ನು ಶಾಸನವು ಅಂದು ಒಪ್ಪಿಕೊಂಡಿತು.

ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಭೋಪಾಲದ ಗೋಡೆಯೊಳಗೆ ನಾಲ್ಕು ದಶಕ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀತಂಪುರದ ಕೈಗಾರಿಕಾ ಪ್ರದೇಶಕ್ಕೆ ಸಾಗಿಸಿದಾಗ ಅಲ್ಲಿನ ನಿವಾಸಿಗಳು ಬೀದಿಗಿಳಿದು ಪ್ರತಿಭಟಿಸಿದರು. ಒಂದು ಊರಿನ ಬೇಲಿಯನ್ನು ದಾಟಿದ ಅಪಾಯ ಇನ್ನೊಂದು ಊರಿನ ಬೇಲಿಯ ಬಳಿಗೆ ಬಂದಿತೆಂಬುದೇ ಅವರ ಅಳಲು.

ನಮ್ಮ ಗಡಿನಾಡಿಗೂ ಈ ವಿಚಾರ ದೂರದ್ದಲ್ಲ. 1971ರಲ್ಲಿ ಸ್ಥಾಪಿತವಾದ ತಮಿಳುನಾಡಿನ ಸಿಪ್‌ಕಾಟ್ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶವನ್ನು ನಿರ್ಮಿಸಿದ ಮೇಲೆ ಹೊಲಗಳಿದ್ದ ಎಡೆಯಲ್ಲಿ ಕಾರ್ಖಾನೆಯ ಗೋಡೆಗಳೆದ್ದವು. ಅಂಥ ಗೋಡೆಗಳ ಪಕ್ಕದಲ್ಲಿ ನಡೆದು ಶಾಲೆಗೆ ಹೋಗುವ ಮಕ್ಕಳಿಗೆ ಒಳಗೆ ಏನು ತಯಾರಾಗುತ್ತದೆ, ಅದರಿಂದ ಅಪಾಯವುಂಟೆ, ಆಪತ್ತಿನ ಗಂಟೆ ಮೊಳಗಿದರೆ ಎತ್ತ ಓಡಬೇಕು ಎಂಬುದು ಗೊತ್ತಿರಬೇಕು. ಇವು ಪಠ್ಯಪುಸ್ತಕದಲ್ಲಿ ಇಲ್ಲದಿದ್ದರೂ ಕೇಳಬಾರದ ಪ್ರಶ್ನೆಗಳಲ್ಲ. ಆ ತಿಳಿವಳಿಕೆ ಮಕ್ಕಳಿಗೆ ಅವರ ತಾಯ್ನುಡಿಯಲ್ಲಿಯೇ ದೊರೆಯಬೇಕು. ಅರ್ಥವಾಗದ ಭಾಷೆಯಲ್ಲಿ ಬರೆದ ಎಚ್ಚರಿಕೆಯ ಫಲಕ ಇದ್ದೂ ಇಲ್ಲದಂತೆ. ಉಪಾಧ್ಯಾಯ ಮಿತ್ರರು ಸಮೀಪದ ಕಾರ್ಖಾನೆಗಳಿಂದಲೂ ಪಂಚಾಯಿತಿ, ಪುರಸಭೆಗಳಿಂದಲೂ ಈ ವಿವರಗಳನ್ನು ಕೇಳಿ ಪಡೆದು, ಕನ್ನಡದಲ್ಲಿ ಬರೆದು, ತರಗತಿಯ ಗೋಡೆಗೆ ಅಂಟಿಸುವರೆಂದು ನಾವು ಆಶಿಸುತ್ತೇವೆ.