ಟ್ರಂಕಿನಿಂದ ಡಿಸ್ಕಿನವರೆಗೆ: ಗಡಿನಾಡ ಮನೆಗಳ ಅಕ್ಷರಭಂಡಾರ

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಬರೆಹವನ್ನು ಉಳಿಸಿದವರಾರು ಎಂದು ಕೇಳಿದಾಗ ನಾವು ಮಠ, ದೇವಾಲಯ, ಶಾಸನಗಳ ಹೆಸರು ಹೇಳಿ ಸುಮ್ಮನಾಗುತ್ತೇವೆ; ಮನೆಗಳನ್ನು ಮರೆಯುತ್ತೇವೆ. ಸೊನ್ನಲಿಗೆಯ ಸಿದ್ಧರಾಮನೂ ಅವನ ಸಮಕಾಲೀನರೂ ನುಡಿದ ವಚನಗಳು ಮಠಗಳಲ್ಲಿ ಹೇಗೋ ಹಾಗೆಯೇ ಗೃಹಸ್ಥರ ಮನೆಗಳಲ್ಲಿಯೂ ತಾಳೆಗರಿಯ ಕಟ್ಟುಗಳಾಗಿ ಉಳಿದಿದ್ದವು. ಅವನ್ನು ಊರೂರು ಅರಸಿ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಗೆದ್ದಲು ಹತ್ತುವ ಗರಿ ಶತಮಾನಗಳನ್ನು ದಾಟಿದ್ದು ಪೆಟ್ಟಿಗೆಯ ಬಲದಿಂದಲ್ಲ. ಹಳೆಯದು ಹರಿಯುವ ಮೊದಲೇ ಯಾರೋ ಕುಳಿತು ಪ್ರತಿ ಮಾಡಿದ್ದರಿಂದ. ವ್ಯಾಪಾರಿಗಳ ಕಡತದ ಬಗೆ ಬೇರೆ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರು.

1948ರಲ್ಲಿ ಅಕ್ಕಲಕೋಟೆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ನಾವು ಈಚೆಗೆ ಉಳಿದೆವು. ಮಹಾಜನ ಆಯೋಗದ 1967ರ ವರದಿಯೂ ಗಡಿಯನ್ನು ಕದಲಿಸಲಿಲ್ಲ. ಕಚೇರಿಯ ಕಾಗದ ಮರಾಠಿಯದಾಯಿತು. ಕನ್ನಡದ ಪತ್ರ, ಲಗ್ನಪತ್ರಿಕೆ, ಭಜನೆಯ ವಹಿ, ನಾಟಕದ ಕೈಬರೆಹಗಳಿಗೆ ಮನೆಯ ತಗಡಿನ ಟ್ರಂಕೇ ದಫ್ತರಖಾನೆಯಾಯಿತು.

ಅದೇ 1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಮೊದಲ ಡಿಸ್ಕ್ ಸಂಗ್ರಹ ಯಂತ್ರವನ್ನು ಪ್ರಕಟಿಸಿತು. ಐವತ್ತು ತಟ್ಟೆಗಳ, ಟನ್ನಿನಷ್ಟು ತೂಕದ ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಇಂದು ಮೊಬೈಲಿನ ಒಂದೆರಡು ಚಿತ್ರಗಳಿಗೇ ಅಷ್ಟು ಸ್ಥಳ ಬೇಕು!

ಈಗ ಎನ್‌ಎಎಸ್ ಎಂಬ ಪುಟ್ಟ ಪೆಟ್ಟಿಗೆ ಮನೆಗಳಿಗೂ ಬಂದಿದೆ. ಸಾಮಾನ್ಯವಾಗಿ ಅದರಲ್ಲಿ ಎರಡು ಡಿಸ್ಕು. ರೂಟರಿಗೆ ತಂತಿಯಿಂದ ಜೋಡಿಸಿದರೆ ಮನೆಯ ಎಲ್ಲ ಫೋನು, ಗಣಕಗಳಿಗೂ ಅದೊಂದೇ ಉಗ್ರಾಣ. ಒಂದು ಡಿಸ್ಕಿನಲ್ಲಿ ಬರೆದದ್ದನ್ನು ಇನ್ನೊಂದರಲ್ಲಿಯೂ ಬರೆಯುವ ಏರ್ಪಾಟಿದೆ. ಅಗ್ಗದ ಡಿಸ್ಕುಗಳನ್ನು ಹೀಗೆ ಕೂಡಿಸುವ ಬಗೆಗಳನ್ನು ಬರ್ಕ್ಲಿಯ ಮೂವರು ವಿದ್ವಾಂಸರು 1988ರಲ್ಲಿ ವಿವರಿಸಿದರು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದರೆ ಎರಡರಲ್ಲಿಯೂ ಅಳಿಯುತ್ತದೆ. ಬೆಂಕಿಗೂ ಕಳ್ಳನಿಗೂ ಪೆಟ್ಟಿಗೆ ಒಂದೇ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದನ್ನು ಗಾಳಿಯಾಡದ ಕಪಾಟಿನೊಳಗೆ ಬೀಗ ಹಾಕಿಡುವವರೂ ಇದ್ದಾರೆ. ಟ್ರಂಕಿನ ಅಭ್ಯಾಸ ಸುಲಭವಾಗಿ ಹೋಗದು.

ನಮ್ಮನ್ನು ಹೆಚ್ಚು ಕಾಡುವುದು ಲಿಪಿಯ ವಿಷಯ. 1991ರ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ಬಹುಕಾಲ ನಾವು ಬೆರಳಚ್ಚು ಮಾಡಿದ್ದು ಬೇರೆ ಬೇರೆ ಫಾಂಟುಗಳ ಸಂಕೇತದಲ್ಲಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ಹಳೆಯ ಸ್ಮರಣ ಸಂಚಿಕೆಯ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಡಿಸ್ಕು ಸುಸ್ಥಿತಿಯಲ್ಲಿದ್ದೂ ಓದು ನಿಂತಂತೆ. ಅಜ್ಜನ ಮೋಡಿ ಲಿಪಿಯ ಹೊಲದ ಪತ್ರ ನಮಗೆ ಮೂಕವಾಗಿರುವ ಹಾಗೆ.

ಆದುದರಿಂದ ಪೆಟ್ಟಿಗೆ ಕೊಳ್ಳುವವರು ಹಳೆಯ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಟ್ರಂಕಿನ ಕಾಗದಗಳನ್ನು ಸ್ಕ್ಯಾನ್ ಮಾಡಿದ ಮೇಲೂ ಮೂಲವನ್ನು ಎಸೆಯಬಾರದು. ಎಲ್ಲದರ ಇನ್ನೊಂದು ಪ್ರತಿಯನ್ನು ವಿಜಾಪುರದಲ್ಲಿಯೋ ಪುಣೆಯಲ್ಲಿಯೋ ಇರುವ ನೆಂಟರ ಮನೆಯಲ್ಲಿ ಇಡಬೇಕು.