ಭೋರ್ ಹಾದಿಯ ತುದಿಯ ಮಂಡಯಿ

ಸಹ್ಯಾದ್ರಿಯ ಪೂರ್ವದ ಸೆರಗಿನಲ್ಲಿ ನೀರಾ ನದಿಯ ದಂಡೆಗಿರುವ ಭೋರ್, ಛತ್ರಪತಿ ರಾಜಾರಾಮನು 1697ರಲ್ಲಿ ಶಂಕರಾಜಿ ನಾರಾಯಣನಿಗೆ ನೀಡಿದ ಸೀಮೆಯಿಂದ ಬೆಳೆದು 1948ರವರೆಗೆ ಉಳಿದ ಸಂಸ್ಥಾನದ ರಾಜಧಾನಿ; ಮರಾಠರ ಅಷ್ಟಪ್ರಧಾನರಲ್ಲಿ ರಾಜ್ಯದ ಪತ್ರವ್ಯವಹಾರದ ಹೊಣೆ ಹೊತ್ತ ‘ಸಚಿವ’ ಪದವಿ ಈ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದುದರಿಂದ ಅದರ ಅರಸರು ‘ಪಂತ ಸಚಿವ’ರೆನಿಸಿದರು. ಊರಿನಿಂದ ಪಶ್ಚಿಮಕ್ಕೆ ವರಂಧಾ ಘಾಟಿಯನ್ನಿಳಿದರೆ ಕೊಂಕಣ, ಉತ್ತರಕ್ಕೆ ಕಾತ್ರಜ್ ಘಾಟಿಯನ್ನು ದಾಟಿದರೆ ಪುಣೆ. ಅಂಬೆಮೊಹರ್ ಎಂಬ ಪರಿಮಳದ ಅಕ್ಕಿಗೆ ಹೆಸರಾದ ಈ ಭತ್ತದ ಸೀಮೆಗೆ ಹತ್ತಿರದ ಮಹಾಪೇಟೆಯೆಂದರೆ ಪುಣೆಯೇ ಆಗಿದ್ದುದರಿಂದ, ಭೋರಿನ ವ್ಯಾಪಾರದ ಹಿನ್ನೆಲೆಯನ್ನು ತಿಳಿಯಲು ಆ ನಗರದ ನಡುವಿನ ಮಾರುಕಟ್ಟೆ ಕಟ್ಟಡದ ಚರಿತ್ರೆಯನ್ನೂ ತಿಳಿಯಬೇಕಾಗುತ್ತದೆ.

ಕನ್ನಡದಲ್ಲಿ ‘ಮಂಡಿ’ ಎಂದರೆ ಸಗಟು ವ್ಯಾಪಾರದ ಮಳಿಗೆ. ಮರಾಠಿಯ ‘ಮಂಡಯಿ’ ಎಂದರೆ ಕಾಯಿಪಲ್ಲೆಯ ಪೇಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪುಣೆಯ ಮಂಡಯಿ ಪೇಶ್ವೆಗಳ ಶನಿವಾರವಾಡೆಯ ಎದುರಿನ ಬಯಲಿನಲ್ಲಿ, ಬಿಸಿಲು ಮಳೆಗಳಿಗೆ ಒಡ್ಡಿಕೊಂಡೇ ನಡೆಯುತ್ತಿತ್ತು. ಅದಕ್ಕೊಂದು ಸೂರು ಕಟ್ಟಬೇಕೆಂದು ನಗರಸಭೆ ಯೋಚಿಸಿದಾಗ, 1876ರಿಂದ 1882ರವರೆಗೆ ಅದರ ಸದಸ್ಯರಾಗಿದ್ದ ಜೋತಿರಾವ್ ಫುಲೆಯವರು ಅಷ್ಟು ದೊಡ್ಡ ಮೊತ್ತವನ್ನು ಬಡವರ ಮಕ್ಕಳ ವಿದ್ಯಾಭ್ಯಾಸಕ್ಕೆ ವ್ಯಯಿಸುವುದೇ ಮೇಲೆಂದು ಆ ಯೋಜನೆಯನ್ನು ವಿರೋಧಿಸಿದರು. ಇದು ವ್ಯಾಪಾರವನ್ನರಿಯದವರ ಮಾತಾಗಿರಲಿಲ್ಲ: ಅವರ ಮನೆತನಕ್ಕೆ ‘ಫುಲೆ’ ಎಂಬ ಹೆಸರು ಬಂದುದೇ ಹೂವಿನ ಕಸುಬಿನಿಂದ, ಮಾಂಜರಿಯಲ್ಲಿ ಅವರು ಸ್ವತಃ ತೋಟ ಮಾಡಿದ್ದರು, ಕಾತ್ರಜ್ ಘಾಟಿಯ ಸುರಂಗದ ಕಾಮಗಾರಿಯಲ್ಲಿ ಗುತ್ತಿಗೆದಾರರಾಗಿಯೂ ದುಡಿದಿದ್ದರು. ಭೋರ್ ಕಡೆಯ ದಾರಿ ಹಾಯ್ದದ್ದು ಅದೇ ಘಾಟಿಯನ್ನು.

ಫುಲೆಯವರ ವಿರೋಧಕ್ಕೆ ಸಭೆಯಲ್ಲಿ ಮನ್ನಣೆ ಸಿಗಲಿಲ್ಲ. ವಾಲ್ಟರ್ ಡ್ಯೂಕಟ್ ರೂಪಿಸಿದ, ವಾಸುದೇವ ಬಾಪೂಜಿ ಕಾನಿಟ್ಕರ್ ಕಟ್ಟಿಸಿದ ಮಾರುಕಟ್ಟೆ 1886ರಲ್ಲಿ ಶುಕ್ರವಾರ ಪೇಟೆಯಲ್ಲಿ ತೆರೆದು, ಆಗಿನ ಮುಂಬೈ ಗವರ್ನರನ ಹೆಸರಿನಿಂದ ‘ರೇ ಮಾರ್ಕೆಟ್’ ಎನಿಸಿತು. ನಡುವೆ ಎಂಟು ಮೂಲೆಯ ಗೋಪುರ, ಅದರ ಸುತ್ತ ಚಾಚಿದ ಅಂಕಣಗಳು, ಅಂಕಣಗಳಲ್ಲಿ ‘ಗಾಳಾ’ ಎಂದು ಕರೆಯುವ ಸಾಲುಸಾಲು ಕಟ್ಟೆಯಂಗಡಿಗಳು ಇರುವ ಈ ಕಲ್ಲಿನ ಕಟ್ಟಡದ ಮಹಡಿಯಲ್ಲಿ ಕೆಲಕಾಲ ನಗರಸಭೆಯ ಕಚೇರಿಯೂ ಇದ್ದುದರಿಂದ, ಕೆಳಗೆ ತಕ್ಕಡಿಯೂ ಮೇಲೆ ಆಡಳಿತವೂ ಒಂದೇ ಸೂರಿನಡಿ ನಡೆದವು.

ಊರಿನ ಸಾರ್ವಜನಿಕ ಬದುಕು ಕ್ರಮೇಣ ಈ ಅಂಗಳದಲ್ಲಿ ನೆಲೆಗೊಂಡಿತು. ಅಖಿಲ ಮಂಡಯಿ ಮಂಡಲದವರು ಪೂಜಿಸುವ, ಉಯ್ಯಾಲೆಯ ಮೇಲೆ ಜೊತೆಯಾಗಿ ಕುಳಿತ ಶಾರದಾ–ಗಜಾನನರ ಮೂರ್ತಿ ಪುಣೆಯ ಗಣೇಶೋತ್ಸವದಲ್ಲಿ ಮನೆಮಾತಾಯಿತು. 1924ರಲ್ಲಿ ಮೋತಿಲಾಲ್ ನೆಹರೂ ಅವರು ಇಲ್ಲಿ ಲೋಕಮಾನ್ಯ ತಿಲಕರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಕೊಳ್ಳುವವರೂ ಮಾರುವವರೂ ದೇಶದ ರಾಜಕೀಯವನ್ನು ಬಿಸಿಬಿಸಿಯಾಗಿ ಚರ್ಚಿಸುತ್ತಿದ್ದ ಈ ತಾಣಕ್ಕೆ ಊರವರು ‘ಮಂಡಯಿ ವಿದ್ಯಾಪೀಠ’ವೆಂಬ ಹೆಸರಿಟ್ಟರು. ವಿದ್ಯೆಗೆ ಮೊದಲ ಸ್ಥಾನ ಸಲ್ಲಬೇಕೆಂದಿದ್ದವರ ಮಾತನ್ನು ನೆನೆದರೆ ಆ ಹೆಸರಿನ ತೂಕ ಇನ್ನಷ್ಟು ಹೆಚ್ಚುತ್ತದೆ. 1930ರ ದಶಕದ ಕೊನೆಯ ಹೊತ್ತಿಗೆ ಮರಾಠಿ ಸಾಹಿತಿ ಆಚಾರ್ಯ ಅತ್ರೆಯವರ ಪ್ರಯತ್ನದಿಂದ ಗವರ್ನರನ ಹೆಸರು ಅಳಿದು, ಕಟ್ಟಡಕ್ಕೆ ‘ಮಹಾತ್ಮಾ ಫುಲೆ ಮಂಡಯಿ’ ಎಂದು ನಾಮಕರಣವಾಯಿತು. ಸಭೆಯಲ್ಲಿ ಸೋತ ವಿವೇಕದ ಮಾತಿಗೆ ನಗರವೊಂದು ತಡವಾಗಿಯಾದರೂ ಸಲ್ಲಿಸಿದ ಗೌರವವೆಂದು ಇದನ್ನು ತಿಳಿಯುವುದು ಯುಕ್ತ.

ಸಗಟು ವ್ಯಾಪಾರ ಮುಂದೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋದರೂ, ಬಿಡಿ ವ್ಯಾಪಾರ ಹಳೆಯ ಗಾಳಾಗಳನ್ನು ಬಿಟ್ಟಿಲ್ಲ. ಭೋರಿನಿಂದ ಬರುವ ಬಸ್ಸುಗಳು ಸ್ವಾರ್ಗೇಟಿಗೆ ಬಂದು ನಿಲ್ಲುತ್ತವೆ. ಅಲ್ಲಿಂದ 2024ರ ಸೆಪ್ಟೆಂಬರಿನಲ್ಲಿ ತೆರೆದ ನೆಲದಡಿಯ ಮೆಟ್ರೊ ಹತ್ತಿದವರಿಗೆ ಸಿಗುವ ಮೊದಲ ನಿಲ್ದಾಣವೇ ಮಂಡಯಿ.